ಪ್ರಾಥಮಿಕ ಗಣಿತದ ಸಿದ್ಧ ಸ್ಲೈಡ್ ಪಾಠಗಳು : ಭಾಷೆಯ ದೃಷ್ಟಿಯಿಂದ ಒಂದು ವಿವೇಚನೆ

ಗಣಿತದ ಪಾಠಕ್ಕೂ ಕನ್ನಡ ಪಂಡಿತನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಮಗುವು ಸಂಖ್ಯೆಯನ್ನು ಮೊದಲು ಕೇಳುವುದು ಮಾತಿನಲ್ಲಿ. ಅಂಕಿಯಾಗಿ ಕಾಣುವುದು ಆಮೇಲೆ. ಮಾತು ತೊಡಕಾದರೆ ಲೆಕ್ಕವೂ ತೊಡಕಾಗುತ್ತದೆ. ಕಿರಿಯ ತರಗತಿಗಳ ಉಪಾಧ್ಯಾಯರ ಕೈಗೆ ಈಚೆಗೆ ಸುಲಭವಾಗಿ ದೊರೆಯುತ್ತಿರುವ ಸಿದ್ಧ ಸ್ಲೈಡ್ ಪಾಠಗಳನ್ನು ನೋಡುವಾಗ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಅವುಗಳಲ್ಲಿ ಇಂಗ್ಲಿಷಿನಲ್ಲಿ ರಚಿತವಾಗಿ ಅನಂತರ ಕನ್ನಡಕ್ಕೆ ತಿರುಗಿಸಲ್ಪಟ್ಟವು ಅನೇಕ. ಅಂಥವನ್ನು ತರಗತಿಗೆ ಒಯ್ಯುವ ಮುನ್ನ ಉಪಾಧ್ಯಾಯರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಸ್ಲೈಡ್ ಎಂಬ ಮಾತಿಗೆ ಹಿಂದೆ ಗಾಜಿನ ಅಥವಾ ಫಿಲ್ಮಿನ ಚಿಕ್ಕ ಚೌಕವೆಂಬ ಅರ್ಥವಿತ್ತು. ಆ ಚೌಕಗಳನ್ನು ಗೋಡೆಗೆ ಹಾಯಿಸುವ ಯಂತ್ರದ ತಯಾರಿಕೆಯನ್ನು ಕೊಡಾಕ್ ಸಂಸ್ಥೆಯು ೨೦೦೪ರಲ್ಲಿ ನಿಲ್ಲಿಸಿತು. ಈಗ ಸ್ಲೈಡೆಂದರೆ ಗಣಕಯಂತ್ರದ ಪುಟ. ೧೯೮೭ರಲ್ಲಿ ಹೊರಬಂದ ಪವರ್‌ಪಾಯಿಂಟ್ ಎಂಬ ತಂತ್ರಾಂಶದಿಂದ ಈ ಪದ್ಧತಿ ಬಳಕೆಗೆ ಬಂದಿತು. ಸಿದ್ಧಪಾಠದಲ್ಲಿ ಪುಟಗಳ ಕ್ರಮ ಮೊದಲೇ ನಿಶ್ಚಿತವಾಗಿರುತ್ತದೆ. ಮೊದಲು ಉಪಾಧ್ಯಾಯರು ಒಂದು ಲೆಕ್ಕವನ್ನು ಮಾಡಿ ತೋರಿಸುವುದು, ಬಳಿಕ ಎಲ್ಲರೂ ಕೂಡಿ ಮಾಡುವುದು, ಕೊನೆಗೆ ಮಗುವು ತಾನೇ ಮಾಡುವುದು, ಎಂಬ ಮೂರು ಹಂತಗಳಲ್ಲಿ ಪಾಠ ಸಾಗುತ್ತದೆ. ಹೊಣೆಯನ್ನು ಮೆಲ್ಲಮೆಲ್ಲನೆ ಶಿಷ್ಯನಿಗೆ ಒಪ್ಪಿಸುವ ಈ ತತ್ತ್ವಕ್ಕೆ ೧೯೮೩ರಲ್ಲಿ ಹೆಸರಿಟ್ಟವರು ಪಿಯರ್ಸನ್ ಮತ್ತು ಗ್ಯಾಲಗರ್ ಎಂಬ ಅಮೆರಿಕದ ವಿದ್ವಾಂಸರು. ಅವರು ಅದನ್ನು ಹೇಳಿದ್ದು ಗಣಿತಕ್ಕಲ್ಲ, ಓದುವ ಪಾಠಕ್ಕೆ ಎಂಬುದು ಭಾಷಾ ಬೋಧಕರಿಗೆ ಸಂತೋಷವನ್ನುಂಟುಮಾಡುವ ವಿಷಯ. ಮಾದರಿ ಲೆಕ್ಕದಿಂದ ಕಲಿಸುವ ರೀತಿಯಂತೂ ನಮಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಸೂತ್ರದ ಬೆನ್ನಿಗೇ ಉದಾಹರಣೆಗಳು ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದನು.

ಇನ್ನು ಸಂಖ್ಯಾಪದಗಳ ವಿಚಾರ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಇಂಗ್ಲಿಷ್ ಮಗುವಿಗೆ ಥರ್ಟೀನ್ ಮತ್ತು ಥರ್ಟಿ ಎಂಬ ಪದಗಳು ಕಿವಿಗೆ ಒಂದೇ ಆಗಿ ತೋರುತ್ತವೆ. ಮೇಲಾಗಿ ಥರ್ಟೀನ್ ಎಂಬಲ್ಲಿ ಮೂರು ಮೊದಲು, ಹತ್ತು ಆಮೇಲೆ. ಬರೆಯುವಾಗ ಮಾತ್ರ ಹತ್ತರ ಅಂಕಿ ಮೊದಲು. ಆದುದರಿಂದ ಆ ನಾಡಿನ ಪಾಠಗಳು ಹದಿಮೂರರಿಂದ ಹತ್ತೊಂಬತ್ತರವರೆಗಿನ ಸಂಖ್ಯೆಗಳಿಗೆ ಅನೇಕ ಪುಟಗಳನ್ನು ಮೀಸಲಿಡುತ್ತವೆ. ಅದು ಅವರಿಗೆ ಯುಕ್ತವೇ. ಕನ್ನಡದಲ್ಲಿ ಹದಿಮೂರು ಎಂಬಾಗ ಹತ್ತು ಮುಂದೆ ನಿಲ್ಲುತ್ತದೆ : ಹತ್ತು ಮತ್ತು ಮೂರು. ಮೂವತ್ತು ಎಂಬಾಗ ಹತ್ತು ಹಿಂದೆ ನಿಲ್ಲುತ್ತದೆ : ಮೂರು ಹತ್ತುಗಳು. ಹತ್ತರ ಹಳೆಯ ರೂಪ ಪತ್ತು. ಆ ಪಕಾರಕ್ಕೆ ವಕಾರ ಬಂದು ಮೂವತ್ತು, ಐವತ್ತು, ಅರವತ್ತು. ಬಕಾರ ಬಂದು ಎಂಬತ್ತು. ಪಕಾರವೇ ಉಳಿದು ಇಪ್ಪತ್ತು, ಎಪ್ಪತ್ತು. ಆದೇಶಸಂಧಿಯನ್ನು ಬಲ್ಲವರಿಗೆ ಇದರಲ್ಲಿ ಸ್ಥಾನಬೆಲೆಯ ಪಾಠವೇ ಅಡಗಿರುವುದು ಕಾಣುತ್ತದೆ. ಇಪ್ಪತ್ತಮೂರು ಎಂದು ಉಚ್ಚರಿಸಿದ ಕ್ರಮದಲ್ಲಿಯೇ ೨೩ ಎಂದು ಬರೆಯುತ್ತೇವೆ. ಹಿಂದಿಯ ತೇಯೀಸ್ ಎಂಬಲ್ಲಿ ಈ ಅನುಕೂಲವಿಲ್ಲ.

ಹಾಗೆಂದು ಕನ್ನಡದ ಮಗುವಿಗೆ ತೊಡಕೇ ಇಲ್ಲವೆಂದಲ್ಲ. ತೊಡಕು ಇರುವುದು ಬೇರೆ ಎಡೆಯಲ್ಲಿ. ಒಂಬತ್ತು, ಎಂಬತ್ತು, ತೊಂಬತ್ತು, ಈ ಮೂರನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿರಿ. ಮೊದಲನೆಯದು ಒಂದೇ ಅಂಕಿಯ ಸಂಖ್ಯೆ, ಉಳಿದೆರಡು ಹತ್ತುಗಳ ಗುಂಪು. ಧ್ವನಿಯೋ ಬಹುಮಟ್ಟಿಗೆ ಒಂದೇ. ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಿಂದ ಒಂಬತ್ತು ಎಂಬ ಪದ ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಆದರೆ ಮಗುವಿಗೆ ಆ ವಿವರಣೆ ದಕ್ಕುವಂಥದಲ್ಲ. ಹದಿನೆಂಟರ ಮುಂದೆ ಹದಿನೊಂಬತ್ತು ಬಾರದೆ ಹತ್ತೊಂಬತ್ತು ಬರುತ್ತದೆ. ಮೂವತ್ತೊಂಬತ್ತು ಎಂಬ ಪದದ ಬಾಲದಲ್ಲಿ ತೊಂಬತ್ತು ಕೇಳಿಸುತ್ತದೆ. ಇಂಗ್ಲಿಷಿನಿಂದ ಬಂದ ಪಾಠದಲ್ಲಿ ಈ ಎಡವಿಗೆ ಒಂದು ಪುಟವೂ ಇರಲಾರದು, ಏಕೆಂದರೆ ಆ ಭಾಷೆಯಲ್ಲಿ ಎಡವೇ ಇಲ್ಲ. ಹೀಗೆ ನಮ್ಮ ಮಗುವಿಗೆ ಇಲ್ಲದ ಕಷ್ಟಕ್ಕೆ ಹತ್ತು ನಿಮಿಷ, ಇರುವ ಕಷ್ಟಕ್ಕೆ ಶೂನ್ಯ ಎಂಬಂತಾಗುತ್ತದೆ. ಅನುವಾದಕನು ಪದಗಳನ್ನು ಬದಲಿಸಿರುತ್ತಾನೆ, ಪುಟಗಳ ಹಂಚಿಕೆಯನ್ನು ಬದಲಿಸಿರುವುದಿಲ್ಲ. ಆ ಪುಟಗಳನ್ನು ಕಡಿಮೆ ಮಾಡಿ, ೯, ೧೯, ೩೯, ೮೦, ೯೦ಗಳನ್ನು ಕಡ್ಡಿಯ ಕಟ್ಟುಗಳೊಡನೆ ಅಕ್ಕಪಕ್ಕದಲ್ಲಿ ತೋರಿಸುವ ಒಂದೆರಡು ಪುಟಗಳನ್ನು ಉಪಾಧ್ಯಾಯರೇ ಸೇರಿಸಿಕೊಳ್ಳುವುದು ಒಳ್ಳೆಯದು.

ವ್ಯವಕಲನದ ಪಾಠವನ್ನು ತೆಗೆದುಕೊಳ್ಳೋಣ. ೫೨ರಿಂದ ೨೭ನ್ನು ಕಳೆಯಬೇಕು. ಪರದೆಯ ಮೇಲೆ ಐದು ಕಟ್ಟು, ಎರಡು ಬಿಡಿಕಡ್ಡಿ. ಗುಂಡಿಯನ್ನೊತ್ತಿದರೆ ಒಂದು ಕಟ್ಟು ಹಾರಿ ಬಂದು ಬಿಚ್ಚಿಕೊಳ್ಳುತ್ತದೆ, ಬಿಡಿ ಹನ್ನೆರಡಾಗುತ್ತದೆ, ಮತ್ತೊಮ್ಮೆ ಒತ್ತಿದರೆ ೨೫ ಎಂಬ ಉತ್ತರ. ನೋಡಲು ಚೆಂದ. ಅಡಿಯಲ್ಲಿ ‘ಹತ್ತರ ಸ್ಥಾನದಿಂದ ಸಾಲ ಪಡೆಯಿರಿ’ ಎಂಬ ವಾಕ್ಯ. ಸಾಲವೆಂದಮೇಲೆ ತೀರಿಸಬೇಕಷ್ಟೆ? ಇಲ್ಲಿ ಯಾರೂ ಯಾರಿಗೂ ತೀರಿಸುವುದಿಲ್ಲ. ‘ಒಂದು ಕಟ್ಟನ್ನು ಬಿಚ್ಚು’ ಎಂಬುದೇ ನಡೆದ ಕ್ರಿಯೆಗೆ ತಕ್ಕ ಮಾತು.

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಈ ಲೆಕ್ಕದಲ್ಲಿ ಮಕ್ಕಳು ೩೫ ಎಂದು ಬರೆಯುವುದು ಸರ್ವೇಸಾಮಾನ್ಯ. ಎರಡರಿಂದ ಏಳು ಹೋಗದೆಂದು ಏಳರಿಂದ ಎರಡನ್ನು ಕಳೆದು ಐದನ್ನಿಟ್ಟು, ಐದರಿಂದ ಎರಡನ್ನು ಕಳೆದು ಮೂರನ್ನಿಡುತ್ತಾರೆ. ಅದು ಅಜಾಗ್ರತೆಯಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ನಾವೇ ಕಲಿಸಿದ ನಿಯಮದ ನಿಷ್ಠಾವಂತ ಪಾಲನೆ. ಪರದೆಯಲ್ಲಿ ೨೫ ಮೂಡಿದೊಡನೆ ಆ ಮಗುವು ತನ್ನ ಸ್ಲೇಟಿನಲ್ಲಿದ್ದ ೩೫ನ್ನು ಒರಸಿ ೨೫ ಎಂದು ತಿದ್ದಿಕೊಳ್ಳುತ್ತದೆ. ಉಪಾಧ್ಯಾಯರು ಬೆಂಚುಗಳ ನಡುವೆ ಬಂದಾಗ ಎಲ್ಲ ಸ್ಲೇಟುಗಳೂ ಸರಿ! ಮರುದಿನ ೬೩ರಿಂದ ೨೮ನ್ನು ಕಳೆಯಲು ಕೊಟ್ಟರೆ ಅದೇ ಮಗುವು ೪೫ ಎಂದು ಬರೆಯುತ್ತದೆ. ‘ಮೂವತ್ತೈದು ಹೇಗೆ ಬಂತಪ್ಪಾ, ಹೇಳು ನೋಡೋಣ’ ಎಂದು ಕೇಳುವ ಬಾಯಿ ಸ್ಲೈಡಿಗಿಲ್ಲ. ಕೇಳಿ, ೩೫ಕ್ಕೆ ೨೭ನ್ನು ಕೂಡಿಸಿ ನೋಡೆಂದರೆ ೬೨ ಬರುತ್ತದೆ. ತಪ್ಪು ಮಗುವಿನ ಕಣ್ಣಿಗೇ ಬೀಳುತ್ತದೆ. ಎಲ್ಲರೂ ಕೂಡಿ ಮಾಡುವ ಹಂತದ ಜೀವವೇ ಈ ಪ್ರಶ್ನೆ. ಅದನ್ನು ಯಾರೂ ಮುಂಚಿತವಾಗಿ ಸಿದ್ಧಪಡಿಸಿ ಕಳುಹಿಸಲಾರರು.

ಗುಣಾಕಾರದಲ್ಲಿ ಸೂಕ್ಷ್ಮವಾದ ಒಂದು ಭೇದವಿದೆ. ೩ × ೪ ಎಂಬುದನ್ನು ಇಂಗ್ಲಿಷ್ ಪಾಠವು ಮೂರು ಸಲ ನಾಲ್ಕು ಎಂದು ಓದಿ, ನಾಲ್ಕು ನಾಲ್ಕು ಹಣ್ಣುಗಳ ಮೂರು ಬುಟ್ಟಿಗಳನ್ನು ತೋರಿಸುತ್ತದೆ. ನಮ್ಮ ಮಗ್ಗಿಯಲ್ಲಿ ‘ಮೂರು ನಾಲ್ಕಲಿ ಹನ್ನೆರಡು’. ಮೂರರ ಮಗ್ಗಿಯಲ್ಲಿ ಹೆಜ್ಜೆಗೊಂದು ಮೂರು ಹೆಚ್ಚುತ್ತದೆಯಾದ್ದರಿಂದ ಮೂರು ಮೂರರ ನಾಲ್ಕು ಬುಟ್ಟಿಗಳು. ಫಲ ಒಂದೇ, ಚಿತ್ರ ಬೇರೆ. ಹಣ್ಣುಗಳನ್ನು ಸಾಲಾಗಿ ಜೋಡಿಸಿ ಅಡ್ಡಲಾಗಿಯೂ ಉದ್ದಕ್ಕೂ ಎಣಿಸಿಸಿದರೆ ವಿರೋಧ ಪರಿಹಾರವಾಗುತ್ತದೆ.

ನಾಲ್ಕು, ಐದನೆಯ ತರಗತಿಗಳ ದೊಡ್ಡ ಸಂಖ್ಯೆಗಳಲ್ಲಿ ಅಲ್ಪವಿರಾಮದ ಸ್ಥಾನವನ್ನು ತಪ್ಪದೆ ನೋಡಬೇಕು. ನಮ್ಮ ಲಕ್ಷ ೧,೦೦,೦೦೦. ಪರದೇಶದ ಪುಟದಲ್ಲಿ ಅದೇ ೧೦೦,೦೦೦ ಎಂದಿರುತ್ತದೆ. ಡೈಮ್, ಪೆನ್ನಿ ನಾಣ್ಯಗಳಿಗೆ ಬದಲಾಗಿ ಹತ್ತು ರೂಪಾಯಿಯ ನೋಟು, ಒಂದು ರೂಪಾಯಿಯ ನಾಣ್ಯ ಸಾಕು. ಭಿನ್ನರಾಶಿಗೆ ಪಿಜ್ಜಾ ಚಿತ್ರವೇ ಬೇಕೆಂದಿಲ್ಲ, ರೊಟ್ಟಿಯಾದರೂ ದುಂಡಗೇ ಇದೆ. ಅದಕ್ಕಿಂತ ಮುಖ್ಯವಾದುದು, ಮೂರು ಕಾಲುಗಳು ಸೇರಿ ಮುಕ್ಕಾಲು ಎಂಬ ಪದ. ಅಂಶವಾವುದು, ಛೇದವಾವುದು ಎಂಬುದು ಆ ಪದದಲ್ಲಿಯೇ ಇದೆ. ‘ನಾಲ್ಕನೇ ಮೂರು’ ಎಂದು ತೋರಿಸುವ ಪುಟದ ಮೇಲೆ ಮುಕ್ಕಾಲು ಎಂದೂ ಬರೆದರೆ ಮಗುವು ಮನೆಯಲ್ಲಿ ಕೇಳಿದ ಮಾತು ಶಾಲೆಯ ಲೆಕ್ಕಕ್ಕೆ ಒದಗುತ್ತದೆ.

ಸ್ಲೈಡುಗಳನ್ನು ತ್ಯಜಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಕಪ್ಪುಹಲಗೆಯ ಮೇಲೆ ಐದು ಕಟ್ಟುಗಳನ್ನು ಅಂದವಾಗಿ ಬರೆಯಲು ಹಿಡಿಯುವ ಕಾಲ ಉಳಿಯುತ್ತದೆ. ಹೊಸ ಉಪಾಧ್ಯಾಯರಿಗೆ ಹಂತಗಳ ಕ್ರಮ ತಪ್ಪುವುದಿಲ್ಲ. ಆದರೆ ಮಗುವು ಕೈಯಿಂದ ಮಾಡಿ, ಚಿತ್ರದಲ್ಲಿ ಕಂಡು, ಬಳಿಕ ಚಿಹ್ನೆಗೆ ಬರಬೇಕೆಂದು ಬ್ರೂನರ್ ೧೯೬೬ರಲ್ಲಿ ಪ್ರತಿಪಾದಿಸಿದ ಮೂರರಲ್ಲಿ ಪರದೆಯು ಕೊಡಬಲ್ಲುದು ಕೊನೆಯ ಎರಡನ್ನು ಮಾತ್ರ. ಮೊದಲನೆಯದು ಕಡ್ಡಿ, ಹುಣಸೆಬೀಜಗಳಿಂದಲೇ ಆಗಬೇಕು.

ಹಿಂದಿನ ದಿನವೇ ಪಾಠವನ್ನು ಒಮ್ಮೆ ನಡೆಸಿ ನೋಡಿ, ಪ್ರತಿ ಪುಟಕ್ಕೂ ತಾವು ಆಡಲಿರುವ ಕನ್ನಡ ವಾಕ್ಯವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಉಪಾಧ್ಯಾಯರಿಗೆ ಉಪಯುಕ್ತ. ಉತ್ತರದ ಪುಟದ ಹಿಂದೆ ಪ್ರಶ್ನೆಯೊಂದೇ ಇರುವ ಪುಟವನ್ನು ಸೇರಿಸಬೇಕು. ಪವರ್‌ಪಾಯಿಂಟ್ ಪಾಠ ನಡೆಯುತ್ತಿರುವಾಗ ಕೀಲಿಮಣೆಯ ಬಿ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಪುಟ ಮರಳುತ್ತದೆ. ಸ್ಲೇಟುಗಳೆಲ್ಲ ಮೇಲೆತ್ತಿ, ೩೫ ಬರೆದವರೂ ೨೫ ಬರೆದವರೂ ತಮ್ಮ ತಮ್ಮ ಕಟ್ಟುಗಳನ್ನು ಬಿಚ್ಚಿ ತೋರಿಸುವವರೆಗೆ ಪರದೆ ಕಪ್ಪಾಗಿಯೇ ಇರಲಿ.