ಶಕ್ತಿಮಾನ್ ಮನೆಗೆ ಬಂದ ಲೆಕ್ಕ

ಹೊಗೆಸೊಪ್ಪಿನ ಲೆಕ್ಕ ಬರೆಯುವ ನನ್ನ ಉದ್ದನೆ ಪುಸ್ತಕದಲ್ಲಿ ಹದಿನಾಲ್ಕು ಪುಟ ಒಂದು ಲಾರಿಗೆ ಹೋಗಿವೆ. ಮೊದಲ ಸಾಲು '23-5-2009, ಲಾರಿ, 1,40,000' ಎಂದಿದೆ. ಹದಿನಾಲ್ಕನೆಯ ಪುಟದ ಕೆಳಗೆ ಎರಡು ಗೆರೆ ಎಳೆದು ಬರೆದ ಮೊತ್ತ 2,68,000. ಸೇನೆ ಬಿಟ್ಟ ಹಳೇ ವಾಹನ ಸಸ್ತಾಗಿ ಸಿಗುತ್ತಂತೆ, ತಗೊಳ್ಳಲಾ ಎಂದು ಈಗಲೂ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅವರಿಗೆ ನಾನು ಈ ಎರಡು ಸಾಲುಗಳನ್ನೇ ಮೊದಲು ತೋರಿಸುತ್ತೇನೆ.

ನಮ್ಮ ಜಮೀನು ಗುರುಪುರದ ಹತ್ತಿರ, ಹುಣಸೂರಿನಿಂದ ನಾಗರಹೊಳೆ ಕಡೆಗೆ. ಜುಲೈನಲ್ಲಿ ಸೊಪ್ಪು ಮುರಿಯುವುದು ಶುರುವಾದರೆ ಅದನ್ನು ಹದ ಮಾಡುವ ಬ್ಯಾರನ್‌ಗೆ ಹಗಲೂ ರಾತ್ರಿ ಸೌದೆ ಬೇಕು. ಬೆಂಕಿ ಒಂದು ಗಂಟೆ ತಗ್ಗಿದರೂ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೇಲಿನ ದರ ಬೀಳುತ್ತದೆ. ಅದೇ ತಿಂಗಳುಗಳಲ್ಲಿ ಮಳೆ. ಹೊಲಕ್ಕೆ ಹೋಗುವ ಕೆಂಪು ಮಣ್ಣಿನ ದಾರಿ ಕೆಸರಾಗಿ ಟ್ರ್ಯಾಕ್ಟರಿನ ಟ್ರೈಲರ್ ಅಚ್ಚಿನವರೆಗೂ ಹೂತುಕೊಳ್ಳುತ್ತಿತ್ತು. 2008ರಲ್ಲಿ ಹಾಗೆ ಹೂತ ಟ್ರೈಲರ್ ಎರಡು ದಿನ ಅಲ್ಲೇ ನಿಂತು ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಯಿತು. ನಾಲ್ಕೂ ಚಕ್ರ ಎಳೆಯುವ ಲಾರಿ ಬೇಕೆಂದು ನನ್ನ ಮನಸ್ಸಿಗೆ ಬಂದದ್ದು ಆ ಎರಡು ದಿನದಲ್ಲಿ.

ಶಕ್ತಿಮಾನ್ ಎಂದರೆ ನಮ್ಮ ತಲೆಮಾರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ, ಮೂತಿ ಮುಂದಕ್ಕೆ ಚಾಚಿದ ಹಸಿರು ಲಾರಿ. 1965 ಮತ್ತು 1971ರ ಯುದ್ಧಗಳಲ್ಲಿ ಸೈನಿಕರನ್ನೂ ಸಾಮಾನನ್ನೂ ಹೊತ್ತದ್ದು ಇದೇ. ಸೇನೆ ಇದನ್ನು ಕೈಬಿಡುತ್ತಾ ಬಂದ ಹಾಗೆ ಹರಾಜಿಗೆ ಬಂದವು ಮಲೆನಾಡಿನ ಮರದ ಕೂಪುಗಳಿಗೂ ಕೇರಳದ ಗುಡ್ಡಗಳಿಗೂ ಹೋದವು. ಬೇರೆ ಲಾರಿ ಹತ್ತದ ಕಡೆ ಹತ್ತುತ್ತದೆ ಎಂಬ ಹೆಸರು ಅದಕ್ಕೆ ಇತ್ತು.

ನಮ್ಮ ಹುಣಸೂರಿಗೂ ಸೇನೆಯ ಸಾಮಾನಿಗೂ ಸಂಬಂಧ ಹಳೆಯದು. ಬ್ರಿಟಿಷರ ಕಾಲದಲ್ಲಿ ಅಮೃತಮಹಲ್ ದನಗಳ ಕೇಂದ್ರ ಇಲ್ಲಿತ್ತು, ಸೇನೆಯ ಗಾಡಿ ಎಳೆಯುವ ಎತ್ತುಗಳು ಇಲ್ಲಿಂದ ಹೋಗುತ್ತಿದ್ದವು. ಸೇನೆಗಾಗಿಯೇ ಚರ್ಮ ಹದ ಮಾಡುವ, ಕಂಬಳಿ ನೇಯುವ ಕಾರ್ಖಾನೆಗಳೂ ಮರದ ಅಂಗಳವೂ ಇದ್ದವು. 1860ರ ದಶಕದಲ್ಲಿ ಅವನ್ನು ಮುಚ್ಚಿದರೂ ಅಲ್ಲಿ ಕೆಲಸ ಕಲಿತವರು ಊರಲ್ಲೇ ಉಳಿದರು, ಹುಣಸೂರಿನ ಗಾಡಿಗೆ ಹೆಸರು ಬಂದದ್ದರಲ್ಲಿ ಅವರ ಪಾಲಿದೆ. ಲಾರಿ ತರಲು ಹೊರಟಾಗ ನನ್ನ ಅಪ್ಪ ಇದನ್ನು ನೆನಪಿಸಿ, 'ಆಗ ನಾವು ಅವರಿಗೆ ಎತ್ತು ಕೊಟ್ಟಿದ್ವಿ, ಈಗ ಅವರದ್ದು ನಮ್ಮ ಹೊಲಕ್ಕೆ ಬರ್ಲಿ ಬಿಡು' ಎಂದಿದ್ದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹಳೇ ವಾಹನಕ್ಕೆ ನಾನು ವಿಚಾರಿಸಿದ ಯಾವ ಬ್ಯಾಂಕೂ ವಾಹನ ಸಾಲ ಕೊಡಲಿಲ್ಲ. ವಿಮೆಯೂ ಮೂರನೆಯವರ ಹೊಣೆಗೆ ಮಾತ್ರ. ಲಾರಿಗೇ ಏನಾದರೂ ಆದರೆ ನಷ್ಟ ನಮ್ಮದೇ. ಕೈಯಲ್ಲಿ ನಲವತ್ತು ಸಾವಿರ ಚಿಲ್ಲರೆ ಇತ್ತು. ಉಳಿದದ್ದಕ್ಕೆ ನನ್ನ ಹೆಂಡತಿ ನಾಲ್ಕು ಬಳೆ, ಒಂದು ಸರ ಬಿಚ್ಚಿ ಕೊಟ್ಟಳು. 'ಸೊಪ್ಪು ಮಾರಿದ ತಕ್ಷಣ ಬಿಡಿಸ್ಬೇಕು' ಎಂದಳು ಅಷ್ಟೆ. ಅಡವಿಟ್ಟು ಒಂದು ಲಕ್ಷ ತಂದೆ, ಬಡ್ಡಿ ವರ್ಷಕ್ಕೆ ನೂರಕ್ಕೆ ಹದಿಮೂರು. ಆ ಹೊತ್ತಿನಲ್ಲಿ ಬಡ್ಡಿ ದೊಡ್ಡದಾಗಿ ಕಾಣಲಿಲ್ಲ. ಲಾರಿ ಜುಲೈಗೆ ದುಡಿಯಲು ಶುರು ಮಾಡುತ್ತದೆ, ಸೆಪ್ಟೆಂಬರಿನಿಂದಾಚೆ ಹರಾಜು ತೆರೆಯುತ್ತದೆ, ವರ್ಷ ತುಂಬುವ ಮೊದಲೇ ಬಳೆ ಮನೆಗೆ ಬರುತ್ತವೆ ಎಂದು ಲೆಕ್ಕ ಹಾಕಿದ್ದೆ.

ಲಾರಿ ಇದ್ದದ್ದು ಪುಣೆಯ ಆಚೆ, ಒಬ್ಬ ಹಳೇ ವಾಹನದ ವ್ಯಾಪಾರಿಯ ಅಂಗಳದಲ್ಲಿ. ಅಷ್ಟು ದೂರದಿಂದ ಓಡಿಸಿಕೊಂಡು ಬರಲು ನನಗೆ ಧೈರ್ಯ ಇರಲಿಲ್ಲ. ಧೈರ್ಯ ಕೊಟ್ಟವರು ನಮ್ಮ ಪಕ್ಕದ ಟಿಬೆಟನ್ ಕ್ಯಾಂಪಿನ ಹಿರಿಯರೊಬ್ಬರು. ಗುರುಪುರದ ಕ್ಯಾಂಪು 1970ರ ದಶಕದ ಆರಂಭದ್ದು, ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಗಿಂತ ಹತ್ತು ವರ್ಷ ಕಿರಿದು. ಅಲ್ಲಿಯ ಎಷ್ಟೋ ಮನೆಗಳಲ್ಲಿ ವಿಶೇಷ ಗಡಿ ಪಡೆಯಲ್ಲಿ ದುಡಿದವರಿದ್ದಾರೆ. 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ಕೊನೆಯಲ್ಲಿ ಟಿಬೆಟನ್ನರನ್ನೇ ಸೇರಿಸಿ ಕಟ್ಟಿದ ಪಡೆ ಅದು, ನೆಲೆ ಚಕ್ರಾತ. ನಮ್ಮ ಹಿರಿಯರು ಆ ಪಡೆಯಲ್ಲಿ ಚಾಲಕರಾಗಿದ್ದು ನಿವೃತ್ತರಾದವರು. ಟಿಬೆಟನ್ನರು ತಂದೆಯನ್ನು ಕರೆಯುವಂತೆ ನಾವೂ ಅವರನ್ನು ಪಾಲಾ ಎನ್ನುತ್ತಿದ್ದೆವು. ನನ್ನನ್ನು ಅವರು ಗೌಡ್ರೇ ಎಂದು ಕರೆಯುತ್ತಿದ್ದರು.

ನನ್ನ ಜೊತೆ ಬಂದ ಪಾಲಾ ವ್ಯಾಪಾರಿಯ ಅಂಗಳದಲ್ಲಿ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲು ವ್ಯಾಪಾರಿಯ ಹುಡುಗ ಓಡಿ ಬಂದ. ಪಾಲಾ ಕೈ ಅಡ್ಡ ಹಿಡಿದು ತಡೆದರು. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು, ಬಿಸಿ ಇದೆಯಾ ಎಂದು. ನಾವು ಬರುವ ಮೊದಲೇ ಒಂದು ಸಲ ಓಡಿಸಿ ಬಿಸಿ ಮಾಡಿ ಇಟ್ಟಿದ್ದರೆ ತಣ್ಣಗಿನ ಎಂಜಿನ್ ಹತ್ತುವ ಕಷ್ಟ ಕಾಣುವುದಿಲ್ಲ. ತಣ್ಣಗೇ ಇತ್ತು. ಆಮೇಲೆ ಲಾರಿ ಕೆಳಗೆ ಮಲಗಿ ಹಿಂದಿನ ಡಿಫರೆನ್ಷಿಯಲ್ ಒರೆಸಿದರು. ಗ್ರೀಸಿನ ಅಡಿಯಿಂದ ಒಂದು ಬಿಳಿ ಬಣ್ಣದ ವೃತ್ತ ಎದ್ದು ಬಂತು. ರಾತ್ರಿ ಕಾನ್ವಾಯಿಯಲ್ಲಿ ಹೆಡ್‌ಲೈಟ್ ಹಾಕುವಂತಿಲ್ಲ, ಈ ಬಿಳುಪಿನ ಮೇಲೆ ಒಂದು ಸಣ್ಣ ಬಲ್ಬು ಬೀಳುತ್ತದೆ, ಹಿಂದಿನ ಲಾರಿಯವನು ಅದನ್ನೇ ನೋಡಿಕೊಂಡು ಬರುತ್ತಾನೆ ಎಂದು ವಿವರಿಸಿದರು. 'ಲಡಾಖಿನಲ್ಲಿ ಒಂದು ರಾತ್ರಿ ಪೂರ್ತಿ ನಾನು ಇದೊಂದನ್ನೇ ನೋಡಿದ್ದೀನಿ ಗೌಡ್ರೇ' ಎಂದರು. ಅದಕ್ಕಿಂತ ಹೆಚ್ಚು ಆ ದಿನಗಳ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ವ್ಯಾಪಾರಿ ಲಾರಿಗೆ ಬೂದು ಬಣ್ಣ ಹೊಡೆಸಿದ್ದ. ಅದು ಚಂದಕ್ಕಲ್ಲ. ಸೇನೆಯದಲ್ಲದ ವಾಹನಕ್ಕೆ ಆ ಆಲಿವ್ ಹಸಿರು ಬಳಿಯುವಂತಿಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಹೇಳುತ್ತದೆ. ಬಾಗಿಲಿನ ಅಂಚು ಸವೆದ ಕಡೆ ಮಾತ್ರ ಹಳೇ ಹಸಿರು ಇಣುಕುತ್ತಿತ್ತು. ತಾತ್ಕಾಲಿಕ ನೋಂದಣಿ, ವಿಮೆ ಎಲ್ಲ ಸೇರಿ 11,000, ಮಧ್ಯವರ್ತಿಗೆ 5,000. ಕಾಗದಗಳ ಕಟ್ಟು ಕೈಗೆ ಕೊಟ್ಟರು. ಬಿಡುಗಡೆ ಪತ್ರ, ಮಾರಾಟದ ಪತ್ರ, ಮೊಹರು, ಸಹಿ ಎಲ್ಲ ಇದ್ದವು. ಇವೆ ಎಂದು ನೋಡಿದೆನೇ ಹೊರತು ಒಂದೊಂದನ್ನೂ ಓದಲಿಲ್ಲ. ಈ ಅಂಕಣ ಬರೆಯುತ್ತಿರುವುದೇ ಆ ಒಂದು ಕಾರಣಕ್ಕೆ.

ಮನೆಗೆ ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್, ಮೂರು ದಿನ. ಗಂಟೆಗೆ ನಲವತ್ತು ದಾಟಲು ಪಾಲಾ ಬಿಡಲಿಲ್ಲ. ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಬೇಕು, ನಡುವೆ ಎಂಜಿನ್‌ನ ಸದ್ದು ಕೇಳಿ ವೇಗ ಹೊಂದಿಸಬೇಕು. ಖಂಬಾಟ್ಕಿ ಘಾಟಿನಲ್ಲಿ ರೇಡಿಯೇಟರ್ ಕುದಿಯಿತು, ಹೋಸ್ ಒಂದು ಬಿರಿದಿತ್ತು. ಅದು ಮತ್ತು ಹುಬ್ಬಳ್ಳಿಯಲ್ಲಿ ಹಾಕಿಸಿದ ಫ್ಯಾನ್ ಬೆಲ್ಟ್, ಎರಡು ಪಂಕ್ಚರ್ ಸೇರಿ ದಾರಿ ರಿಪೇರಿ 3,800. ಮೊದಲ ರಾತ್ರಿ ನಿಪ್ಪಾಣಿ. ಅಲ್ಲಿಯದು ಬೀಡಿಗೆ ಹೋಗುವ ಹೊಗೆಸೊಪ್ಪು, ನಮ್ಮ ವರ್ಜೀನಿಯಾಕ್ಕಿಂತ ವಾಸನೆಯೇ ಬೇರೆ, ಗಾಳಿಯಲ್ಲೇ ಗೊತ್ತಾಗುತ್ತದೆ. 1981ರಲ್ಲಿ ಬೆಲೆಗಾಗಿ ಹೋರಾಡಿದ ರೈತರ ಮೇಲೆ ಗೋಲಿಬಾರ್ ಆದ ಊರು. ಹೆದ್ದಾರಿ ಬದಿ ಲಾರಿಯಲ್ಲೇ ಮಲಗಿ, ಬೆಲೆಗಾಗಿ ಸತ್ತವರನ್ನು ನೆನೆದು ಬಹಳ ಹೊತ್ತು ನಿದ್ದೆ ಬರಲಿಲ್ಲ.

ಎರಡನೆಯ ರಾತ್ರಿ ದಾವಣಗೆರೆ. ಮೂರನೆಯ ದಿನ ಹೊಸದುರ್ಗ, ಅರಸೀಕೆರೆ, ಹಾಸನ, ಹೊಳೆನರಸೀಪುರ ದಾಟಿ ಕೆ.ಆರ್.ನಗರಕ್ಕೆ ಬಂದಾಗ ಗದ್ದೆಯ ಮೇಲೆ ಸಂಜೆಯಾಗಿತ್ತು. ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ಟಿತ್ತು, ಡೀಸೆಲ್ 9,400. ಊಟ, ಬಸ್ಸು, ಎಲ್ಲ ಸೇರಿ 2,600. ಪಾಲಾ ಕೂಲಿ ತೆಗೆದುಕೊಳ್ಳಲಿಲ್ಲ. ಆ ಮಾತು ಎತ್ತಿದ್ದಕ್ಕೇ ಮುಖ ತಿರುಗಿಸಿದರು. ಮುಂದೆ ಲಾರಿ ಇರುವವರೆಗೂ ಅವರ ಮನೆಯ ಮುಸುಕಿನ ಜೋಳ ನಮ್ಮ ಲಾರಿಯಲ್ಲೇ ಹೋಯಿತು.

ಇನ್ನು ಉಳಿದದ್ದು ಆರ್‌ಟಿಒ ಕಚೇರಿಯ ನೋಂದಣಿ. ಹರಾಜಿನಲ್ಲಿ ಕೊಂಡ ವಾಹನಕ್ಕೆ ನಮೂನೆ 32ರ ಅರ್ಜಿ, ಮೂವತ್ತು ದಿನದೊಳಗೆ. ಸೇನೆಯ ವಾಹನ ಸೇನೆಯಲ್ಲಿರುವವರೆಗೂ ಬಾಣದ ಗುರುತಿನ ನಂಬರಿನಲ್ಲಿ ಇರುತ್ತದೆ, ಹೊರಗೆ ಬಂದ ಮೇಲೆ ನಾವು ನೀವು ಕೊಂಡ ವಾಹನದಂತೆ ಹೊಸದಾಗಿ ನೋಂದಣಿ ಆಗಬೇಕು. ನನಗೆ ಬೇಕಿದ್ದದ್ದು ಕೆಎ 45, ನಮ್ಮ ಹುಣಸೂರಿನ ನಂಬರು. ತಪಾಸಣೆಗೆ ನಿಲ್ಲಿಸಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕಾಗದದ ಮೇಲೆ ಮೂಡಿದ ಎಂಟನೆಯ ಅಂಕಿ 8. ಮಾರಾಟದ ಪತ್ರದಲ್ಲಿ ಅದೇ ಜಾಗದಲ್ಲಿ 3. ಯಾರೋ ನಕಲು ಮಾಡುವಾಗ ಸವೆದ ಎಂಟನ್ನು ಮೂರು ಎಂದು ಓದಿದ್ದರು. ತಾತ್ಕಾಲಿಕ ನೋಂದಣಿಗೂ ವಿಮೆಗೂ ಅದೇ ತಪ್ಪು ಹೋಗಿತ್ತು. ಕಾಗದದ ಲಾರಿಯೇ ಬೇರೆ, ಎದುರು ನಿಂತ ಲಾರಿಯೇ ಬೇರೆ ಎಂದಾದಾಗ ನೋಂದಣಿ ಆಗುವುದಾದರೂ ಹೇಗೆ?

ತಿದ್ದಿದ ಪತ್ರ ಬರಲು ಏಳು ತಿಂಗಳು ಹಿಡಿಯಿತು. ಎರಡು ಸಲ ಪುಣೆಗೆ ಹೋಗಿ ಬಂದೆ, 6,500. ಆ ಏಳು ತಿಂಗಳೂ ಲಾರಿ ಹೊಂಗೆ ಮರದ ಕೆಳಗೆ ನಿಂತಿತ್ತು. ಯಾವ ಜುಲೈಗೆಂದು ತಂದಿದ್ದೆನೋ ಆ ಜುಲೈ, ಆಗಸ್ಟ್ ಕಣ್ಣೆದುರೇ ಹೋದವು. ಸೌದೆಗೆ ಮತ್ತೆ ಬಾಡಿಗೆ ಟ್ರ್ಯಾಕ್ಟರ್ ಕರೆಸಿದೆ, ಅದಕ್ಕೆ ಹೋದದ್ದು 22,000. ಇದು ಲಾರಿಯ 2,68,000ದಲ್ಲಿ ಸೇರಿಲ್ಲ, ಬೇರೆ ಪುಟದಲ್ಲಿದೆ. ಎರಡೂ ಕೂಡಿ ಎರಡು ಲಕ್ಷ ತೊಂಬತ್ತು ಸಾವಿರ. ಆ ವರ್ಷ ಗೌರಿ ಹಬ್ಬಕ್ಕೆ ನನ್ನ ಹೆಂಡತಿ ಗಾಜಿನ ಬಳೆ ಹಾಕಿಕೊಂಡು ಬಾಗಿನ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಲಾರಿ ನಿಂತ ಕಡೆ ನಾನು ಹೋಗುವುದನ್ನೇ ಬಿಟ್ಟೆ.

ಉಳಿದ ಖರ್ಚು ಯಾವ ಹಳೇ ಲಾರಿಗೂ ಬರುವಂಥದ್ದು. ಟೈರಿಗೆ 28,000, ಬ್ಯಾಟರಿಗೆ 9,500, ಬ್ರೇಕು ಮತ್ತು ಕಿಂಗ್‌ಪಿನ್ ಕೆಲಸಕ್ಕೆ 14,000, ಮತ್ತೆ ಬಣ್ಣಕ್ಕೆ 6,000, ನೋಂದಣಿ, ತೆರಿಗೆ, ಅರ್ಹತಾ ಪತ್ರಕ್ಕೆ 17,000. ಒಡವೆ ಬಿಡಿಸಿದ್ದು ಹದಿನಾಲ್ಕು ತಿಂಗಳ ಮೇಲೆ, ಬಡ್ಡಿ 15,200. ಇದರಲ್ಲಿ ಅರ್ಧ ಬಡ್ಡಿ ಲಾರಿ ಸುಮ್ಮನೆ ನಿಂತದ್ದಕ್ಕೆ ಕಟ್ಟಿದ್ದು. ಟೈರಿನ ದುಡ್ಡು ನನ್ನನ್ನು ನೋಯಿಸಲಿಲ್ಲ, ಟೈರು ಓಡುತ್ತದೆ. ಈ ಅರ್ಧ ಬಡ್ಡಿ ಇವತ್ತಿಗೂ ನೋಯಿಸುತ್ತದೆ.

ಆಮೇಲೆ ಲಾರಿ ದುಡಿಯಿತು, ಅದನ್ನೂ ಹೇಳಬೇಕು. 2010ರ ಆಗಸ್ಟಿನಲ್ಲಿ ಒಂದು ವಾರ ಬಿಡದೆ ಮಳೆ ಸುರಿದು ಯಾವ ಟ್ರ್ಯಾಕ್ಟರೂ ಇಳಿಯದ ಹೊಲದಿಂದ ಶುಂಠಿ ಮೂಟೆ ಹೊತ್ತು ಮೇಲೆ ಬಂದಾಗ ದಾರಿಯಲ್ಲಿ ನಿಂತಿದ್ದ ಜನ ಪಕ್ಕಕ್ಕೆ ಸರಿದು ನೋಡಿದರು. ಮುಂದಿನ ಚಕ್ರಗಳೂ ಕೆಸರು ಕಚ್ಚಿ ಎಳೆಯುವಾಗ ಸ್ಟೀರಿಂಗ್ ಕೈಯಲ್ಲಿ ನಡುಗುತ್ತದೆ, ಆ ನಡುಕ ನನಗೆ ಇನ್ನೂ ನೆನಪಿದೆ. ಅಕ್ಕಪಕ್ಕದವರು ಬಾಡಿಗೆಗೆ ಕರೆದರು. ಡೀಸೆಲ್, ಚಾಲಕ, ರಿಪೇರಿ ಕಳೆದು ಮೊದಲ ಪೂರ್ತಿ ವರ್ಷ ಉಳಿದದ್ದು 48,000. ಒಣ ತಿಂಗಳುಗಳಲ್ಲಿ ಅದನ್ನು ತೆಗೆಯುತ್ತಲೇ ಇರಲಿಲ್ಲ. ಲೀಟರಿಗೆ ಮೂರೂವರೆ ಕಿಲೋಮೀಟರಿನ ಲಾರಿ ಡಾಂಬರು ರಸ್ತೆಯಲ್ಲಿ ಓಡಿದರೆ ಕೈಯಿಂದ ಹೋಗುತ್ತದೆ, ಬೇರೆ ಯಾವುದೂ ಹೋಗದ ಕಡೆ ಓಡಿದರೆ ಮಾತ್ರ ಉಳಿಯುತ್ತದೆ. ವರ್ಷಕ್ಕೆ ಅಂಥ ದಿನ ಅರವತ್ತು ಸಿಕ್ಕರೆ ಹೆಚ್ಚು. ಹಾಕಿದ ದುಡ್ಡು ಪೂರ್ತಿ ಮರಳಿದ್ದು 2016ರ ಸುಗ್ಗಿಗೆ. ಮೂರು ವರ್ಷದಲ್ಲಿ ಎಂದು ನಾನು ಮೊದಲ ಪುಟದಲ್ಲಿ ಬರೆದಿದ್ದೆ.

ಈಗಿನ ದಾರಿ ಬೇರೆ. ಸರ್ಕಾರದ ಹಳೇ ವಾಹನಗಳ ಹರಾಜು ಹೆಚ್ಚಾಗಿ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಕಟ್ಟೆಯಲ್ಲಿ ನಡೆಯುತ್ತದೆ. ಮೊದಲು ಠೇವಣಿ ಕಟ್ಟಬೇಕು, ಕೂಗಿದ ಬೆಲೆಯ ಮೇಲೆ ಜಿಎಸ್‌ಟಿ ಬೇರೆ, ವಾಹನ ಇದ್ದಲ್ಲಿ ಇದ್ದಂತೆ, ಒಳಗೆ ಏನಿಲ್ಲದಿದ್ದರೂ ಕೇಳುವಂತಿಲ್ಲ. ಹೇಳಿದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ಅವು ಗುಜರಿ ಘಟಕಕ್ಕೇ ಹೋಗಬೇಕು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಹಾಗಾಗಿ ಕೂಗುವ ಮೊದಲು ಆ ಲಾಟು ಓಡಿಸಲು ಮಾರುತ್ತಿರುವುದೋ ಒಡೆಯಲು ಮಾರುತ್ತಿರುವುದೋ ಎಂದು ಷರತ್ತಿನಲ್ಲಿ ನೋಡಿಕೊಳ್ಳಬೇಕು. ಒಡೆಯಲು ಕೊಂಡದ್ದಕ್ಕೆ ಯಾರೂ ನಂಬರು ಕೊಡುವುದಿಲ್ಲ.

ಕಳೆದ ತಿಂಗಳು ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಯಾರೋ ಹಿಂದೆ ಹರಾಜಿನಲ್ಲಿ ಹಿಡಿದು ನೋಂದಣಿ ಮಾಡಿಸಿದ ನಿಸಾನ್ ಒಂದು ಟನ್ ಗಾಡಿ ಮಾರಾಟಕ್ಕಿದೆ, ಅದರ ಮುಂದೆಯೇ ನಿಂತಿದ್ದೇನೆ, ಮುಂಗಡ ಕೊಡಲಾ ಅಣ್ಣಾ ಎಂದು ಕೇಳಿದ. ಬಣ್ಣ ಕೆರೆದು, ಸೀಮೆಸುಣ್ಣ ಉಜ್ಜಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆ ಎಂದೆ. ಕಾಲು ಗಂಟೆ ಬಿಟ್ಟು ಮತ್ತೆ ಫೋನ್ ಬಂತು. ಕಾಗದದ ಫೋಟೋ ನನಗೆ ಕಳಿಸಿ, ಅಚ್ಚನ್ನು ಅವನು ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಕನ್ನಡಕ ಹಾಕಿಕೊಂಡು ಇಲ್ಲಿಂದ ಒಂದೊಂದೇ ಅಂಕಿ ಓದಿದೆ, ಅವನು ಅಲ್ಲಿಂದ ಓದಿದ. ಎಂಟನೆಯ ಅಂಕಿಗೆ ಬಂದಾಗ ನಾನು ಎರಡು ಸಲ ಹೇಳಿಸಿದೆ. ಸರಿಯಿತ್ತು. ಒಂಬತ್ತನೆಯದಕ್ಕೆ ಹೋದೆವು.