ಎರಡೂ ಸರ್ವರ್‌ಗೆ ಒಂದೇ ಸಲ ಕೈ ಹಾಕಬೇಡಿ

ಭಾಲ್ಕಿ, ಬೀದರ್‌ಗಳಲ್ಲಿ ಎಂಜಿನಿಯರಿಂಗ್ ಓದಿದ ನಿಮ್ಮಲ್ಲಿ ಎಷ್ಟೋ ಜನ ಈಗ ಹೈದರಾಬಾದ್, ಪುಣೆಗಳಲ್ಲಿ ಸರ್ವರ್ ಕಾಯುತ್ತಿದ್ದೀರಿ. ಕೆಲವರು ಊರಲ್ಲೇ ಆಸ್ಪತ್ರೆಯದೋ ಕಾಲೇಜಿನದೋ ಜೋಡಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೀರಿ. ಸಂತೋಷ. ಆದರೆ ಆ ಜೋಡಿಯನ್ನು ಒಂದೇ ಕ್ಲಸ್ಟರ್ ಆಗಿ ಕಟ್ಟುವ ಪೇಸ್‌ಮೇಕರ್, ಕೋರೋಸಿಂಕ್‌ಗಳ ಹೊಸ ಆವೃತ್ತಿ ಬಂತೆಂದರೆ, ಊರಿನ ಬಸ್ ಹಿಡಿಯುವ ಗಡಿಬಿಡಿಯಲ್ಲಿ ಎರಡೂ ಕಡೆ ಅಪ್‌ಡೇಟ್ ಹಚ್ಚಿ ಎದ್ದು ಬರುತ್ತೀರಲ್ಲ, ಆ ಚಟ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಮೊದಲು ಬಿಡುಗಡೆ ಟಿಪ್ಪಣಿ ಓದಿ. ಕೊನೆಯ ಅಂಕಿ ಮಾತ್ರ ಬದಲಾಗಿದೆ ಎಂದು ಹಗುರ ಮಾಡಬೇಡಿ, ಪೇಸ್‌ಮೇಕರ್ 2.1ರ ಸಾಲಿನಲ್ಲಿ ಅಂಥ ಬಿಡುಗಡೆಗಳಲ್ಲೂ ಹೊಸ ಸೌಲಭ್ಯ ಸೇರಿವೆ. ಮೊದಲ ಅಂಕಿ ಬದಲಾದರಂತೂ ಇನ್ನೂ ಹುಷಾರು. 2018ರಲ್ಲಿ ಬಂದ ಪೇಸ್‌ಮೇಕರ್ 2.0 ಹಳೆಯ ಹಾರ್ಟ್‌ಬೀಟ್‌ನ ಬೆಂಬಲವನ್ನು ಕೈಬಿಟ್ಟಿತು. ಕೋರೋಸಿಂಕ್ 2 ಮತ್ತು 3 ಪರಸ್ಪರ ಮಾತೇ ಆಡುವುದಿಲ್ಲ. ಅಲ್ಲಿ ಒಂದೊಂದೇ ನೋಡ್ (ಕ್ಲಸ್ಟರಿನ ಸರ್ವರ್) ಏರಿಸುವ ದಾರಿ ಇಲ್ಲ, ಇಡೀ ಕ್ಲಸ್ಟರ್ ನಿಲ್ಲಿಸಬೇಕು.

ಉಳಿದ ಸಣ್ಣ ಅಪ್‌ಡೇಟ್‌ಗಳಿಗೆ ಒಂದೊಂದೇ ನೋಡ್. ಸಂರಚನೆಯ ಬ್ಯಾಕಪ್ ತೆಗೆದು ಬೇರೆ ಯಂತ್ರದಲ್ಲಿಡಿ. ಅದೇ ಸರ್ವರ್‌ನಲ್ಲಿಟ್ಟು ನೆಮ್ಮದಿಯಾಗಬೇಡಿ. ನೋಡ್ ಅನ್ನು ಸ್ಟ್ಯಾಂಡ್‌ಬೈಗೆ ಹಾಕಿ, ಸೇವೆಗಳೆಲ್ಲ ಆಚೆಗೆ ಹೋದವೇ ಎಂದು ಕಣ್ಣಾರೆ ನೋಡಿ. ಆಮೇಲೆ ಆ ನೋಡ್‌ನಲ್ಲಿ ಕ್ಲಸ್ಟರ್ ನಿಲ್ಲಿಸಿ, ಅಪ್‌ಡೇಟ್ ಮಾಡಿ, ಮತ್ತೆ ಶುರು ಮಾಡಿ, ಸ್ಟ್ಯಾಂಡ್‌ಬೈನಿಂದ ಹೊರಗೆ ತನ್ನಿ. ಡಿಸ್ಕಿನ ನಕಲನ್ನು ಎರಡೂ ಕಡೆ ಇಡುವ ಡಿಆರ್‌ಬಿಡಿ ಬಳಸುತ್ತಿದ್ದರೆ ಎರಡೂ ಡಿಸ್ಕ್ ಸಮ ಆಗುವ ತನಕ ಇನ್ನೊಂದು ನೋಡ್ ಅನ್ನು ಮುಟ್ಟಬೇಡಿ. ಮೇಂಟೆನೆನ್ಸ್ ಮೋಡ್ ಹಾಕಿದ್ದರೆ ಕೆಲಸ ಮುಗಿದ ಕೂಡಲೇ ತೆಗೆಯಿರಿ. ಮರೆತರೆ ಕ್ಲಸ್ಟರ್ ಕಣ್ಣು ಮುಚ್ಚಿಕೊಂಡು ಕೂತಿರುತ್ತದೆ. ನಡುರಾತ್ರಿ ಡೇಟಾಬೇಸ್ ಬಿದ್ದರೂ ಎತ್ತುವುದಿಲ್ಲ.

ಇನ್ನು ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಯಾವುದೋ ಪಾಠದ ವಿಡಿಯೊ ನೋಡಿ ಫೆನ್ಸಿಂಗ್ ಆಫ್ ಮಾಡುತ್ತೀರಿ. 'ಸುಮ್ಮನೆ ಸರ್ವರ್ ರೀಬೂಟ್ ಮಾಡುತ್ತೆ, ಕಿರಿಕಿರಿ' ಅನ್ನುತ್ತೀರಿ. ಒಂದು ಉದಾಹರಣೆ ಕೇಳಿ. ಅಡತಿ ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರು. ಅವನು ಇವತ್ತು ಬಂದಿಲ್ಲ ಎಂದು ಇವನು, ಇವನು ಬಂದಿಲ್ಲ ಎಂದು ಅವನು, ಒಂದೇ ರೈತನ ತೊಗರಿ ಲೆಕ್ಕವನ್ನು ಬೇರೆ ಬೇರೆ ಖಾತೆಯಲ್ಲಿ ಬರೆದರೆ ಸಂಜೆಗೆ ಯಾವುದು ಖರೆ? ನಡುವಿನ ಕೇಬಲ್ ತುಂಡಾದರೆ ಎರಡು ಸರ್ವರ್‌ಗಳ ಪಾಡೂ ಅದೇ. ತಾನೊಂದೇ ಉಳಿದದ್ದು ಎಂದು ಎರಡೂ ಬರೆಯತೊಡಗುತ್ತವೆ, ಡೇಟಾ ಕೆಡುತ್ತದೆ. ಒಂದನ್ನು ಖಚಿತವಾಗಿ ಆಫ್ ಮಾಡಿದ ಮೇಲೆಯೇ ಇನ್ನೊಂದು ಕೆಲಸ ಹಿಡಿಯಲಿ ಎಂದೇ ಫೆನ್ಸಿಂಗ್ ಇರುವುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ಆಗಬಾರದು.

ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಮಳೆ ಬಂದರೆ ಕರೆಂಟಿನ ಭರವಸೆ ಇಲ್ಲ. ಫೆನ್ಸಿಂಗ್‌ಗೆ ಸರ್ವರಿನೊಳಗಿನ ದೂರನಿಯಂತ್ರಣವಾದ ಐಪಿಎಂಐ ಒಂದನ್ನೇ ನಂಬಿದ್ದರೆ ಇದನ್ನು ಕೇಳಿ: ಸರ್ವರ್‌ಗೆ ಕರೆಂಟ್ ಪೂರಾ ಹೋದರೆ ಅದರ ಐಪಿಎಂಐ ಕೂಡ ಸತ್ತಿರುತ್ತದೆ. ಬದುಕಿರುವ ಸರ್ವರ್ 'ಅದು ಆರಿತೇ' ಎಂದು ಕೇಳುತ್ತದೆ, ಉತ್ತರ ಬರುವುದಿಲ್ಲ. ಸೇವೆಯನ್ನೂ ಎತ್ತಿಕೊಳ್ಳದೆ ಕಾಯುತ್ತಾ ನಿಲ್ಲುತ್ತದೆ. ಆದ್ದರಿಂದ ಎರಡನೆಯ ದಾರಿಯೊಂದು ಇರಲಿ, ಯುಪಿಎಸ್ ಮೇಲಿರುವ, ದೂರದಿಂದ ಆಫ್ ಮಾಡಬಲ್ಲ ಪವರ್ ಪಟ್ಟಿಯಾದರೂ ಸರಿ. ಎರಡೇ ನೋಡ್ ಇದ್ದರೆ ಮೂರನೆಯ ಓಟಿಗೆ ಬೇರೆಡೆ ಒಂದು ಸಣ್ಣ ಯಂತ್ರದಲ್ಲಿ ಕ್ಯೂನೆಟ್‌ಡಿ, ನೋಡ್‌ಗಳಲ್ಲಿ ಕ್ಯೂಡಿವೈಸ್ ಹಾಕಿ. ದೊಡ್ಡ ಖರ್ಚೇನಲ್ಲ, ತಂತ್ರಾಂಶವಂತೂ ಪುಕ್ಕಟೆ.

ಅಪ್‌ಡೇಟ್ ಮುಗಿದ ಮೇಲೆ, ಸೇವೆ ಬಳಸುವವರಿಗೆ ಮೊದಲೇ ಹೇಳಿ, ಬೇಕೆಂದೇ ಒಂದು ನೋಡ್ ಅನ್ನು ಫೆನ್ಸ್ ಮಾಡಿ ನೋಡಿ. ಅದು ಆರಿ, ಸೇವೆ ಆಚೆ ಎದ್ದು, ಬಿದ್ದದ್ದು ತಿರುಗಿ ಬಂದು ಸೇರಿತೇ? ಸೇರಿದ್ದರೆ ದಿನಾಂಕ, ಆವೃತ್ತಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ, ಆಮೇಲೆ ಬಸ್ ಸ್ಟ್ಯಾಂಡಿಗೆ ಹೊರಡಿ.