ಗಂಟುನೋವಿನ ಜ್ವರವೂ ಇಲಿಯ ಪಾದವೂ

ಸೊಳ್ಳೆ ಕಚ್ಚಿ ಬಂದ ಜ್ವರ ನಾಲ್ಕಾರು ದಿನಗಳಲ್ಲಿ ಬಿಡುತ್ತದೆ. ಆದರೆ ಮಣಿಕಟ್ಟು, ಬೆರಳಗೆಣ್ಣು, ಪಾದದ ಕೀಲುಗಳನ್ನು ಹಿಡಿದ ನೋವು ಕೆಲವರಿಗೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಚಿಕುನ್‌ಗುನ್ಯಾ ಎಂಬ ವ್ಯಾಧಿಯ ನಿಜವಾದ ಕಷ್ಟ ಇದೇ. ಬೆಳಿಗ್ಗೆ ದಹಿಸರಿನಲ್ಲಿ ಲೋಕಲ್ ಹತ್ತುವ ಗುಮಾಸ್ತನಿಗೆ ಮೇಲಿನ ಹಿಡಿಯನ್ನು ಹಿಡಿಯಲಾಗದು. ಹೋಟೆಲಿನಲ್ಲಿ ದುಡಿಯುವವನಿಗೆ ಹಿಟ್ಟು ನಾದಲಾಗದು. ದಿನಗೂಲಿಯವನಿಗಂತೂ ಮಲಗಿದ ದಿನ ಕೂಲಿಯಿಲ್ಲ. ಜ್ವರ ಹೋದರೂ ನೋವು ಏಕೆ ಉಳಿಯುತ್ತದೆ, ಅದನ್ನು ವಿಜ್ಞಾನಿಗಳು ಹೇಗೆ ಶೋಧಿಸಿದರು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಈ ಹೆಸರು ಪೂರ್ವ ಆಫ್ರಿಕದ ಮಕೊಂಡೆ ಜನರ ಮಾತಿನಿಂದ ಬಂದುದು. ನೋವಿನಿಂದ ಮೈ ಬಾಗಿಹೋಗುವುದು ಎಂದು ಅದರ ಭಾವ. ಅಂದಿನ ಟಾಂಗನೀಕಾದಲ್ಲಿ 1952ರಲ್ಲಿ ಈ ಪಿಡುಗು ಮೊದಲು ಗುರುತಿಗೆ ಬಂತು. ನಮ್ಮ ದೇಶದಲ್ಲಿ 1963ರಲ್ಲಿ ಕಲ್ಕತ್ತೆಯಲ್ಲೂ 1964ರಲ್ಲಿ ಮದರಾಸಿನಲ್ಲೂ 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೂ ಹಬ್ಬಿ, ಬಳಿಕ ಮೂವತ್ತು ವರ್ಷ ಹೆಚ್ಚಾಗಿ ಸದ್ದಿಲ್ಲದೆ ಇತ್ತು. 2005ರ ಕೊನೆಗೆ ಮರಳಿತು. 2006ರಲ್ಲಿ ದೇಶದಲ್ಲಿ ಶಂಕಿತ ರೋಗಿಗಳೆಂದು ಲೆಕ್ಕಕ್ಕೆ ಬಂದವರು ಸುಮಾರು 13 ಲಕ್ಷ 90 ಸಾವಿರ. ಅವರಲ್ಲಿ ಸುಮಾರು 7 ಲಕ್ಷ 50 ಸಾವಿರ ಮಂದಿ ಕರ್ನಾಟಕದವರೇ. 2008ರಲ್ಲಿ ದಕ್ಷಿಣ ಕನ್ನಡವೂ ಬಳಲಿತು. ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಆಗ ಬಂದ ಸುದ್ದಿಯೆಲ್ಲ ಕೈಕಾಲು ನೋವಿನದೇ.

ರೋಗಿಯ ರಕ್ತವನ್ನು ಪರೀಕ್ಷಿಸಬಹುದು. ಅವನ ಕೀಲನ್ನು ದಿನಕ್ಕೊಮ್ಮೆ ತೆರೆದು ನೋಡುವಂತಿಲ್ಲ. ಆದುದರಿಂದಲೇ ಪ್ರಾಣಿಪ್ರಯೋಗ ಬೇಕಾಯಿತು. ಆರಂಭದಲ್ಲಿ ರೋಗಿಯ ರಕ್ತವನ್ನು ಆಗತಾನೆ ಹುಟ್ಟಿದ ಇಲಿಮರಿಗಳ ಮಿದುಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸುತ್ತಿದ್ದರು. ಇದರಿಂದ ವೈರಸ್ ಸಿಕ್ಕಿತೇ ಹೊರತು ಗಂಟುನೋವಿನ ಗುಟ್ಟು ಸಿಕ್ಕಲಿಲ್ಲ. ಮನುಷ್ಯನಲ್ಲಿ ಕಾಣುವ ಬಾವು ಪ್ರಾಣಿಯ ಕೀಲಿನಲ್ಲೂ ಕಾಣಬೇಕಿತ್ತು.

2010ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವಿಜ್ಞಾನಿಗಳು ಬೆಳೆದ ಇಲಿಗಳ ಹಿಂಗಾಲಿನ ಪಾದಕ್ಕೆ ವೈರಸ್ಸನ್ನು ಚುಚ್ಚಿ, ದಿನದಿನವೂ ಪಾದದ ದಪ್ಪವನ್ನು ಅಳೆದರು. ಸುಮಾರು ಒಂದು ವಾರದ ಹೊತ್ತಿಗೆ ಬಾವು ತುತ್ತತುದಿಗೆ ಏರಿ, ಆಮೇಲೆ ಇಳಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕೀಲಿನಲ್ಲಿ ಭಕ್ಷಕ ಕೋಶಗಳು ಗುಂಪುಗೂಡಿದ್ದವು. ವೈರಿಯನ್ನು ನುಂಗಿ ದೇಹವನ್ನು ಕಾಯುವ ಕೋಶಗಳು ಇವು. ಅವುಗಳನ್ನು ಔಷಧಿಯಿಂದ ಕಡಿಮೆ ಮಾಡಿದಾಗ ಪಾದದ ಬಾವು ತಗ್ಗಿತು. ಆದರೆ ರಕ್ತದಲ್ಲಿ ವೈರಸ್ ಇನ್ನೂ ಹೆಚ್ಚು ದಿನ ಉಳಿಯಿತು!

ಇದನ್ನು ವಾಚಕರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕಳ್ಳನನ್ನು ಹಿಡಿಯಲು ಬಂದ ಕಾವಲುಗಾರರ ತುಳಿತಕ್ಕೆ ಮನೆಯ ಸಾಮಾನೂ ಮುರಿಯುವಂತೆ, ನೋವಿನಲ್ಲಿ ಬಹುಪಾಲು ನಮ್ಮ ದೇಹದ ರಕ್ಷಣಾಬಲದಿಂದಲೇ ಉಂಟಾಗುತ್ತದೆ. 2013ರಲ್ಲಿ ಸಿಂಗಾಪುರದ ಸಂಶೋಧಕರೂ ಇದನ್ನೇ ಬೇರೆ ದಾರಿಯಿಂದ ತೋರಿಸಿದರು. ರಕ್ಷಣೆಗೆ ನೆರವಾಗುವ ಒಂದು ಬಗೆಯ ಬಿಳಿ ರಕ್ತಕಣಗಳಿಲ್ಲದ ಇಲಿಗಳಲ್ಲಿ ವೈರಸ್ ಕಡಿಮೆಯಾಗಿರಲಿಲ್ಲ. ಬಾವು ಮಾತ್ರ ಬಹಳ ಕಡಿಮೆಯಾಗಿತ್ತು.

ಹಾಗೆಂದು ಇಲಿಯು ಮನುಷ್ಯನಲ್ಲ. ಅದರ ಬಾವು ಸುಮಾರು ಎರಡು ವಾರಗಳಲ್ಲಿ ಇಳಿಯುತ್ತದೆ, ನಮ್ಮದು ಹಾಗಲ್ಲ. ಫ್ರಾನ್ಸಿನ ವಿಜ್ಞಾನಿಗಳು 2010ರಲ್ಲಿ ಕೋತಿಗಳನ್ನು ಪರೀಕ್ಷಿಸಿದಾಗ, ರಕ್ತದಿಂದ ವೈರಸ್ ಮಾಯವಾದ ಮೇಲೂ ಅದರ ಕುರುಹು ದೇಹದೊಳಗಿನ ಭಕ್ಷಕ ಕೋಶಗಳಲ್ಲಿ ವಾರಗಟ್ಟಲೆ ಉಳಿದಿರುವುದು ಕಂಡಿತು. ದೀರ್ಘಕಾಲದ ನೋವಿಗೆ ಇದೂ ಒಂದು ಕಾರಣವಿರಬಹುದು. ಇಲಿ ಒಂದನ್ನು ಕಲಿಸಿದರೆ ಕೋತಿ ಇನ್ನೊಂದನ್ನು ಕಲಿಸುತ್ತದೆ. ಕಡೆಯ ತೀರ್ಮಾನಕ್ಕೆ ರೋಗಿಗಳನ್ನೇ ನೋಡಬೇಕು.

ಮೂಕಪ್ರಾಣಿಗಳಿಗೆ ಈ ಹಿಂಸೆ ಸರಿಯೇ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಇದೆ. ಅದರಡಿಯ ಸಮಿತಿಯ ನಿಯಮಗಳಂತೆ ಅನುಮತಿ ಪಡೆದೇ ಇಂಥ ಪ್ರಯೋಗ ನಡೆಸಬೇಕು. ಇಷ್ಟು ಬೆಲೆ ತೆತ್ತು ದೊರೆತ ತಿಳಿವಳಿಕೆಯನ್ನು ನಾವು ಉಪಯೋಗಿಸದಿದ್ದರೆ ಅದೇ ದೊಡ್ಡ ಅನ್ಯಾಯ.

ಹಾಗಾದರೆ ನಾವು ಮಾಡಬೇಕಾದುದೇನು? ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ಜ್ವರವಿದ್ದಾಗ ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್. ಡೆಂಗಿ ಅಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತವಾಗುವ ತನಕ ಆಸ್ಪಿರಿನ್ ಮುಂತಾದ ನೋವಿನ ಗುಳಿಗೆ ಬೇಡ, ರಕ್ತಸ್ರಾವದ ಭಯವುಂಟು. ನಾಳೆಯೇ ಡ್ಯೂಟಿಗೆ ಹೋಗಬೇಕೆಂಬ ಆತುರದಿಂದ ಸ್ಟೀರಾಯ್ಡ್ ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ಕೇಳಿ ಪಡೆಯುವುದಂತೂ ಬೇಡವೇ ಬೇಡ. ಜ್ವರದ ದಿನಗಳಲ್ಲಿ ಕಾವಲುಗಾರರನ್ನು ಹೊರದಬ್ಬಿದರೆ ಏನಾದೀತೆಂದು ಇಲಿಯ ಪಾದವೇ ಹೇಳಿದೆ. ಗಂಟುನೋವು ಬಹುದಿನ ನಿಂತರೆ ಆಗ ವೈದ್ಯರು ಬೇರೆ ಚಿಕಿತ್ಸೆಯನ್ನು ಯೋಚಿಸುವರು.

ಇನ್ನು ಸೊಳ್ಳೆಯ ಮಾತು. ಇದು ಹಗಲು ಕಚ್ಚುವ, ಕಾಲಿನಲ್ಲಿ ಬಿಳಿಪಟ್ಟೆಯುಳ್ಳ ಈಡಿಸ್ ಸೊಳ್ಳೆ. ದಹಿಸರ್ ನದಿಯ ಕೊಳೆನೀರಿಗಿಂತ ನಮ್ಮ ಚಾಳಿನ ಪೀಪಾಯಿಯ ತಿಳಿನೀರೇ ಇದಕ್ಕೆ ಪ್ರಿಯ. ನೀರು ತುಂಬಿಟ್ಟ ಪೀಪಾಯಿಗೆ ಮುಚ್ಚಳವಿರಲಿ. ವಾರಕ್ಕೊಮ್ಮೆ, ರವಿವಾರದ ಬಿಡುವಿನಲ್ಲಿ, ಪೀಪಾಯಿಯನ್ನೂ ಹೂಕುಂಡದ ತಟ್ಟೆಯನ್ನೂ ಬರಿದುಮಾಡಿ, ಉಜ್ಜಿ ಒಣಗಿಸಿರಿ. ಒಬ್ಬರ ಮನೆಯ ಪೀಪಾಯಿ ಇಡೀ ಚಾಳಿಗೆ ನೋವು ತರಬಲ್ಲುದು. ಆದುದರಿಂದ ಓದಲು ಬಾರದ ನೆರೆಯವರಿಗೂ ಈ ವಿಷಯವನ್ನು ತಿಳಿಸಿ ಹೇಳಬೇಕೆಂದು ನಮ್ಮ ವಾಚಕ ಬಂಧುಗಳಲ್ಲಿ ವಿನಂತಿ.